ಶೇಷಪ್ಪನ ಹಲ್ಲು ಮತ್ತು ಮೂವರು ಮೇಷ್ಟ್ರು

ಆಲ್ದೂರಿನ ಆಚೆ ಸಾಹುಕಾರ ಮಲ್ಲಿಕಾರ್ಜುನಪ್ಪನವರ ಎಸ್ಟೇಟಿನ ಕಣದ ಮೇಸ್ತ್ರಿ ಶೇಷಪ್ಪನಿಗೆ ದವಡೆ ಹಲ್ಲು ಒಂದೂ ಇರಲಿಲ್ಲ. ಹೆಂಡತಿ ಜವರಮ್ಮನನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕಣ ಕೈತಪ್ಪುತ್ತಿತ್ತು, ಏಕೆಂದರೆ ಅವನ ಕೆಲಸವೇ ಕಚ್ಚುವುದು. ಒಳಸಿಪ್ಪೆಯೊಂದಿಗೇ ಬಿಸಿಲಿಗೆ ಹರಡಿದ ಪಾರ್ಚ್‌ಮೆಂಟ್ ಕಾಫಿಯಲ್ಲಿ ಒಂದು ಬೀಜ ಸುಲಿದು, ಹಲ್ಲಿಗೆ ಕೊಟ್ಟು ಒಣಗಿದೆಯೇ ನೋಡಿ, 'ಆಯ್ತು, ಮೂಟೆ ಕಟ್ಟಿ' ಅಥವಾ 'ಇನ್ನೊಂದು ಬಿಸಿಲು' ಎನ್ನಬೇಕು. ಇಪ್ಪತ್ತೆರಡು ವರ್ಷ ಹಾಗೆ ಹೇಳಿದ್ದಾನೆ, ಒಮ್ಮೆಯೂ ತಪ್ಪಿಲ್ಲ. ಕೊನೆಯ ದವಡೆ ಹಲ್ಲು ತೊಂಬತ್ತೆಂಟನೇ ಇಸವಿಯಲ್ಲಿ ಬಿತ್ತು. ಆಮೇಲೂ ತಪ್ಪಿಲ್ಲ. ಬರಿಗಾಲಲ್ಲಿ ಕಣ ದಾಟುವಾಗಲೇ ಅಂಗಾಲಿಗೆ ತಿಳಿಯುತ್ತಿತ್ತು. ಬಾಯಿಗೆ ಹಾಕಿಕೊಳ್ಳುವುದು ಸಾಹುಕಾರರ ಸಮಾಧಾನಕ್ಕೆ.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಸಾಹುಕಾರರು ತೇವ ಅಳೆಯುವ ಮೀಟರು ತಂದರು. ಅದೇ ವಾರ ವಸ್ತಾರೆಯ ಅರುಣಾ ಬಂದಳು. ಬೆಂಗಳೂರಿನಲ್ಲಿ ಮಿದುಳು, ಮನಸ್ಸು ಎರಡನ್ನೂ ಸೇರಿಸಿ ಪಿಎಚ್‌ಡಿ ಮಾಡುತ್ತಿದ್ದಳು. ಎರಡನ್ನೂ ಬಲ್ಲ ಮೇಷ್ಟ್ರು ಸಿಗದೆ ಅವಳಿಗೆ ಮೂವರನ್ನು ಕೊಟ್ಟಿದ್ದರು: ಒಬ್ಬರು ನರದ ಡಾಕ್ಟರು, ಒಬ್ಬರು ಮನಶ್ಶಾಸ್ತ್ರದವರು, ಇನ್ನೊಬ್ಬರು ತತ್ವಶಾಸ್ತ್ರದವರು. ಒಬ್ಬರು ಸಹಿ ಹಾಕಿದ ಹಾಳೆಗೆ ಇನ್ನೊಬ್ಬರು ಹಾಕುತ್ತಿರಲಿಲ್ಲ. ಶೇಷಪ್ಪನ ತಲೆಗೆ ತಂತಿಯ ಟೋಪಿ ಹಾಕಿ, ಅವನ ಮಿದುಳು ಯಾವ ಗಳಿಗೆಯಲ್ಲಿ 'ಆಯ್ತು' ಅನ್ನುತ್ತದೆ ಎಂದು ನೋಡುವುದು ಅವಳ ಕೆಲಸ.

"ಮೇಸ್ತ್ರಿ, ನಿನ್ನ ಹಲ್ಲು, ನನ್ನ ಮೀಟರು ಒಂದೇ ಹೇಳಿದ್ರೆ ಕಣ ನಿಂದು. ಇಲ್ದಿದ್ರೆ ನಾಳೆಯಿಂದ ಕಳೆ ತೆಗಿಯೋಕೆ ಹೋಗು," ಎಂದರು ಸಾಹುಕಾರರು.

ಪರೀಕ್ಷೆಯ ದಿನ ಬೆಳಿಗ್ಗೆ ಜವರಮ್ಮ ಕೇಳಿದಳು, "ಆ ಟೋಪೀಲಿ ಬಾಯಿ ಒಳಗಿರೋದೂ ಕಾಣ್ತದಾ?"

"ತಲೆ ಒಳಗಿರೋದು ಮಾತ್ರ ಅಂತೆ."

"ಹಂಗಾದ್ರೆ ಏನೂ ಕಾಣಲ್ಲ. ಧೈರ್ಯವಾಗಿ ಹೋಗಿ."

ಕಣದಲ್ಲಿ ಹತ್ತು ರಾಶಿ ಮಾಡಿದ್ದರು. ಮೂವರು ಮೇಷ್ಟ್ರೂ ಜೀಪಿನಲ್ಲಿ ಬಂದಿದ್ದರು. ಅರುಣಾ ಟೋಪಿ ಬಿಗಿದು, ರಬ್ಬರ್ ಚಪ್ಪಲಿ ಮುಂದಿಟ್ಟಳು. "ಇದನ್ನ ಹಾಕ್ಕೊಳ್ಳಿ ಅಣ್ಣ. ಇಲ್ಲಾಂದ್ರೆ ಮಿಷನ್ನಲ್ಲಿ ಗೆರೆ ಕುಣೀತದೆ."

"ಕಣಕ್ಕೆ ಯಾರೂ ಚಪ್ಪಲಿ ಮೆಟ್ಟಲ್ಲಮ್ಮ."

"ಹಾಕೋ ಮಾರಾಯ," ಎಂದರು ಸಾಹುಕಾರರು.

ಚಪ್ಪಲಿ ಹಾಕಿದ ಶೇಷಪ್ಪನಿಗೆ ಕಣ್ಣು ಕಟ್ಟಿದಂತಾಯಿತು. ಬೀಜವನ್ನು ಒಸಡಿನಲ್ಲಿ ಹೊರಳಿಸಿ ಬಾಯಿಗೆ ಬಂದದ್ದು ಹೇಳಿದ. ನಾಲ್ಕು ರಾಶಿಯಲ್ಲಿ ಮೂರು ತಪ್ಪು. ಸಾಹುಕಾರರು ಮೀಟರನ್ನು ಕರುವಿನ ಹಾಗೆ ಸವರಿದರು. ಡಾಕ್ಟರು ಆಯಾಸ ಅಂದರು. ಮನಶ್ಶಾಸ್ತ್ರದವರು ಭಯ ಅಂದರು. ಮೂರನೆಯವರು, ತಪ್ಪು ಎಂದರೇನು ಎಂಬುದು ಮೊದಲು ಇತ್ಯರ್ಥವಾಗಲಿ ಅಂದರು.

ಶೇಷಪ್ಪನ ಪಿತ್ತ ನೆತ್ತಿಗೇರಿತು. ಚಪ್ಪಲಿ ಒದ್ದ. ಒಂದು ಹೋಗಿ ಮೂರನೆಯವರ ಮಡಿಲಲ್ಲಿ ಬಿತ್ತು. ಬರಿಗಾಲಲ್ಲಿ ರಾಶಿಗಳ ಮೇಲೆ ದಡದಡ ನಡೆದ. ತಂತಿ ಕಿತ್ತುಹೋಗದಂತೆ ಅರುಣಾ ಕಂಪ್ಯೂಟರನ್ನು ಕಂಕುಳಲ್ಲಿಟ್ಟು ಹಿಂದೆ ಓಡಿದಳು. "ಆಯ್ತು. ಇನ್ನೊಂದು ಬಿಸಿಲು. ಆಯ್ತು. ಇದು ಎರಡು ಬಿಸಿಲು." ಹತ್ತಕ್ಕೆ ಹತ್ತೂ ಮೀಟರಿಗೆ ಸರಿಹೋಯಿತು.

"ಗೆರೆ ಕುಣಿದ್ರೂ ಕಾಣ್ತದೆ ಸಾರ್, ಬೀಜ ಬಾಯಿಗೆ ಹೋಗೋ ಮೊದ್ಲೇ ತೀರ್ಮಾನ ಆಗಿದೆ," ಎಂದಳು ಅರುಣಾ ಏದುಸಿರಿನಲ್ಲಿ.

"ಬಾಯಿಗೆ ಹೋಗ್ಲೇ ಇಲ್ವಲ್ಲ," ಎಂದರು ಸಾಹುಕಾರರು. "ಮೇಸ್ತ್ರಿ, ಬಾಯಿ ತೆಗಿ."

ತೆಗೆದ. ಮೂವರು ಮೇಷ್ಟ್ರೂ ಬಗ್ಗಿ ನೋಡಿದರು. ದವಡೆ ಹಲ್ಲಿಲ್ಲ ಎಂಬುದರಲ್ಲಿ ಮೂವರಿಗೂ ಒಮ್ಮತ. ಅರುಣಾ ತಡಮಾಡದೆ ಅಷ್ಟನ್ನೇ ಬರೆದು ಮೂವರ ಸಹಿ ಹಾಕಿಸಿಕೊಂಡಳು. ಎರಡು ವರ್ಷದಲ್ಲಿ ಅದು ಮೊದಲ ಹಾಳೆ.

"ಇಷ್ಟು ವರ್ಷ ಎಂಥದ್ರಲ್ಲಿ ನೋಡ್ದೆ?" ಎಂದರು ಸಾಹುಕಾರರು.

"ಕಾಲಲ್ಲಿ."

ಸಾಹುಕಾರರು ಬೂಟು ಕಳಚಿ ರಾಶಿ ಹತ್ತಿ ಕಣ್ಣು ಮುಚ್ಚಿ ನಿಂತರು. ಕಚಗುಳಿಯಾಯಿತು, ಅಷ್ಟೇ. ಇಳಿದು ಬಂದರು.

"ಕಣ ನಿಂದೇ. ಆದ್ರೆ ಕಾಲಲ್ಲಿ ನೋಡಿದ ಕಾಫಿ ಅಂದ್ರೆ ಯಾವ ವ್ಯಾಪಾರಿ ತಗೋತಾನೆ? ಅವರು ಬಂದಾಗ ಕಚ್ಚು."

"ಎಂಥದ್ರಲ್ಲಿ ಕಚ್ಲಿ ಸಾಹುಕಾರ್ರೆ?"

ಮರುವಾರ ಸಾಹುಕಾರರೇ ಮೂಡಿಗೆರೆಗೆ ಜೀಪಿನಲ್ಲಿ ಕರೆದೊಯ್ದು ಹಲ್ಲು ಕಟ್ಟಿಸಿದರು. ಊಟಕ್ಕೆ ಅದು ಒಗ್ಗಲಿಲ್ಲ. ಆಫೀಸಿನ ಡ್ರಾಯರಿನಲ್ಲಿ ಮೀಟರಿನ ಪಕ್ಕ ಇರುತ್ತದೆ. ವ್ಯಾಪಾರಿಯ ಜೀಪಿನ ಸದ್ದು ಕೇಳಿದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅದನ್ನು ತೊಳೆದು ಕಣಕ್ಕೆ ತರುತ್ತಾನೆ.