ಕಿತ್ತಳೆ ಶರಬತ್ತು ಕುಡಿದ ಇನ್ಸ್‌ಪೆಕ್ಟರ್ ರಾಯರು

ಪಕ್ಕದ ಮನೆಯ ಇನ್ಸ್‌ಪೆಕ್ಟರ್ ರಾಯರ ಬಲಗೈ ಹೆಬ್ಬೆರಳಿನ ಮೇಲೆ ಅರಗು ಬಿದ್ದು ಎದ್ದ ಗುಳ್ಳೆ ಯಾವಾಗಲೂ ಇರುತ್ತಿತ್ತು. ಒಂದು ಮಾಯುವಷ್ಟರಲ್ಲಿ ಇನ್ನೊಂದು. ಬರೋಡಾದಲ್ಲಿ ಆಹಾರದ ಕಲಬೆರಕೆ, ಸುಳ್ಳು ಲೇಬಲ್ಲು ಹಿಡಿಯುವುದು ಅವರ ಕೆಲಸ. ಅನುಮಾನ ಬಂದ ಪದಾರ್ಥವನ್ನು ಮೂರು ಶೀಶೆಗೆ ಹಂಚಿ, ಅರಗು ಕರಗಿಸಿ ಮುದ್ರೆ ಒತ್ತಿ, ಒಂದನ್ನು ಅಂಗಡಿಯವನಿಗೆ ಕೊಟ್ಟು, ಒಂದನ್ನು ಪರೀಕ್ಷೆಗೆ ಕಳಿಸಿ, ಒಂದನ್ನು ತಾವು ಇಟ್ಟುಕೊಳ್ಳಬೇಕು. ಜವಾನನಿದ್ದರೂ ಅರಗು ಹಾಕುವುದು ರಾಯರೇ. "ಮುದ್ರಿ ಸಡ್ಲಾದ್ರ ಕೇಸೂ ಸಡ್ಲರಿ ವೈನಿ" ಎನ್ನುತ್ತಿದ್ದರು.

ಅವರು ಧಾರವಾಡದವರು. ನಾವು ರೈಲ್ವೆ ನೌಕರಿಗಾಗಿ ಹುಬ್ಬಳ್ಳಿಯಿಂದ ಹೋದವರು. ಅರವತ್ತರ ದಶಕದ ಆ ಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನೆಂಟಸ್ತನ; ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ. ನಮ್ಮ ಮನೆಯವರ ಸಂಬಳ ಸಾಲದೆ ನಾನು ಬೇಸಿಗೆಯಲ್ಲಿ ಕಿತ್ತಳೆ ಶರಬತ್ತು ಮಾಡಿ ಮೂಲೆಯ ಕಿರಾಣಿ ಅಂಗಡಿಯ ಕಾಕಾ ಅವರಿಗೆ ಕೊಡುತ್ತಿದ್ದೆ. ಸಕ್ಕರೆ ಪಾಕ, ಎಸೆನ್ಸು, ಬಣ್ಣ. ಮೇಲೆ ಎಲೆಸಮೇತ ಎರಡು ಕಿತ್ತಳೆಯ ಚಿತ್ರವಿದ್ದ ಲೇಬಲ್ಲು. ಹಣ್ಣು ಮಾತ್ರ ಇರಲಿಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು, ತಪ್ಪೆಂದು ನನಗೆ ಹೊಳೆದದ್ದೇ ಇಲ್ಲ. ಎರಡು ಬೇಸಿಗೆ ರಾಯರೂ ನಮ್ಮಲ್ಲಿ ಕೂತು ಕುಡಿದು, "ವಾ, ಎಂಥಾ ಹಣ್ಣು ತರ್ತೀರ್ರಿ ವೈನಿ!" ಎಂದವರೇ. ನಾನು ನಕ್ಕು ಇನ್ನೊಂದು ಲೋಟ ತುಂಬುತ್ತಿದ್ದೆ.

ಮೂರನೆಯ ಬೇಸಿಗೆಗೆ ಶರಬತ್ತುಗಳನ್ನು ತಪಾಸಣೆ ಮಾಡಿ ಎಂದು ಮೇಲಿನಿಂದ ಹುಕುಂ ಬಂತು. ರಾಯರು ಕಾಕಾ ಅವರ ಅಂಗಡಿಯಿಂದ ನನ್ನ ಬಾಟಲಿಯನ್ನೇ ಎತ್ತಿದರು. ಕಾಕಾ "ಚಿಂತಾ ನಾ ಕರೋ ಬೆನ್" ಎಂದು, ತಂಗಿಗೆ ಹೇಳುವಂತೆ, ನನಗೆ ಧೈರ್ಯ ಹೇಳಿದರು. ಕೆಲವು ವಾರಗಳ ಮೇಲೆ ರಾಯರು ನಮ್ಮ ಹೊಸ್ತಿಲಾಚೆ ಬಂದು ನಿಂತರು.

"ಒಳಗ ಬರ್ರಿ, ಬಿಸಿಲಾಗ ಬಂದೀರಿ."

"ಇವತ್ತ ಡ್ಯೂಟಿ ಮ್ಯಾಲೆ ಬಂದೀನ್ರಿ. ನಿಮ್ಮ ಶರಬತ್ತಿನ್ಯಾಗ ಒಂದು ಹನಿ ಹಣ್ಣಿನ ರಸಾನೂ ಇಲ್ಲಂತ ರಿಪೋರ್ಟ್ ಬಂದದ. ಕಾಕಾ ಯಾರೋ ತಿರುಗಾಡಿ ಮಾರವ ಕೊಟ್ಟಾನಂತ ಸುಳ್ಳು ಹೇಳಿ ಕೇಸು ತಮ್ಮ ಮ್ಯಾಲೆ ಹಾಕ್ಕೊಳ್ಳಿಕ್ಕತ್ತಾರ. ನೀವು ಮಾಡಿದ್ದಂತ ಬರದು ಕೊಟ್ರ ಅವರು ಉಳೀತಾರ."

"ಮತ್ತ ನನಗ?"

"ದಂಡ ಆಗ್ತದ. ಜೇಲೂ ಆಗಬಹುದು."

ನನಗೆ ಮೈಯೆಲ್ಲ ಉರಿದುಹೋಯಿತು. "ನಂದಂತ ಗೊತ್ತಿತ್ತಲ್ಲ? ಬಾಜೂದ ಬಾಟ್ಲಿ ಎತ್ತಲಿಕ್ಕೆ ಏನಾಗಿತ್ತು ನಿಮಗ?"

"ಅದನ್ನ ಮಾಡಿದವ್ರೂ ಯಾರಿಗೋ ವೈನಿನ ಅಲ್ಲೇನ್ರಿ?"

ಕಾಕಾ ಅವರ ಮುಖ ನೆನೆದು ಬರೆದುಕೊಟ್ಟೆ. ಆದರೆ ಸಿಟ್ಟು ಹೋಗಲಿಲ್ಲ. ಈ ಮನುಷ್ಯ ನನ್ನ ಮನೆಯಲ್ಲೇ ಎರಡು ಬೇಸಿಗೆ ಇದನ್ನು ಕುಡಿದಿದ್ದಾರೆ ಎಂದು ನಮ್ಮ ವಕೀಲರ ಕಿವಿಯಲ್ಲಿ ಊದಿದವಳು ನಾನೇ. ವಕೀಲರು ಬಿಡುತ್ತಾರೆಯೇ? ತುಂಬಿದ ಕೋರ್ಟಿನಲ್ಲಿ ಕೇಳಿಯೇಬಿಟ್ಟರು.

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು, ಸಾಕ್ಷಿ ಯಾರಿದ್ದರು? ರಾಯರ ಮುಖ ಕೆಂಪೇರಿತು. ತಮ್ಮ ಹರಕುಮುರುಕು ಗುಜರಾತಿಯಲ್ಲೇ ಹೇಳಿದರು: ಹೌದು, ಕುಡಿದಿದ್ದೇನೆ, ಚಿತ್ರ ನೋಡಿ ಕಿತ್ತಳೆಯೆಂದೇ ನಂಬಿದ್ದೆ, ಇದೇ ನೌಕರಿ ಮಾಡುವ ನಾನೇ ಮೋಸಹೋದ ಮೇಲೆ ಬೇರೆಯವರ ಪಾಡೇನು? ಆದರೆ ಆಕೆ ಅದರಲ್ಲಿ ವಿಷ ಬೆರೆಸಿಲ್ಲ, ತಪ್ಪೆಲ್ಲ ಆ ಚಿತ್ರದ್ದು.

ಕೋರ್ಟು ಗೊಳ್ಳೆಂದು ನಕ್ಕಿತು. ಆ ಕೊನೆಯ ಮಾತಿನಿಂದಲೇ ನಾನು ದಂಡ ಕಟ್ಟಿ ಮನೆಗೆ ಬಂದೆ, ಜೈಲು ತಪ್ಪಿತು. ರಾಯರಿಗೆ, ಆರೋಪಿಯ ಮನೆಯಲ್ಲಿ ಕೂತು ಕುಡಿದದ್ದಕ್ಕೆ, ಮೇಲಿನವರಿಂದ ಛೀಮಾರಿ, ಸೂರತ್ತಿಗೆ ವರ್ಗ.

ಹೊರಟ ದಿನ ಬಾಗಿಲ ಹತ್ತಿರ ನಿಂತು "ಬರ್ತೀನ್ರಿ ವೈನಿ" ಎಂದರು. ನಾನು ಒಳಗೇ ಇದ್ದೆ, ತೆಗೆಯಲಿಲ್ಲ. ಬಾಗಿಲ ಸಂದಿಯಿಂದ ಒಂದು ಕಾಗದ ಒಳಗೆ ಬಂತು. ಶರಬತ್ತು ಮಾಡಿ ಮಾರುವ ಲೈಸೆನ್ಸಿನ ಅರ್ಜಿ. ಎಲ್ಲವನ್ನೂ ತಮ್ಮ ಕೈಯಿಂದಲೇ ತುಂಬಿದ್ದರು, ನನ್ನ ಸಹಿಯ ಜಾಗ ಮಾತ್ರ ಖಾಲಿ.

ಸಿಟ್ಟು ಇಳಿದು ಸಹಿ ಹಾಕಲು ವರ್ಷವೇ ಹಿಡಿಯಿತು. ಲೈಸೆನ್ಸು ಬಂತು. ನಿಜವಾದ ಕಿತ್ತಳೆ ಹಿಂಡಿ ಮಾರಿಯೇ ನಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಓದಿಸಿದೆ. ಸುದ್ದಿಯನ್ನು ರಾಯರಿಗೆ ಬರೆಯಬೇಕೆಂದು ಇಂದು ನಾಳೆ ಎನ್ನುತ್ತಲೇ ಇದ್ದೆ. ಅಷ್ಟರಲ್ಲಿ ಸೂರತ್ತಿನಿಂದ ಅವರ ಹೆಂಡತಿಯ ಕಾರ್ಡು ಬಂತು: ರಾಯರು ಎದೆನೋವಿನಿಂದ ಹೋಗಿಬಿಟ್ಟರು.

ಅಡಿಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅವತ್ತು ಬಾಗಿಲು ತೆಗೆದು "ಹೋಗಿ ಬರ್ರಿ" ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?