ಸೈಡ್‌ಕಾರಿನಲ್ಲಿ ತಂದ ಸೊಪ್ಪು

ಇಪ್ಪತ್ತೆರಡು ವರ್ಷ ನಾನು ಶಾಲಾ ಬಸ್ಸು ಓಡಿಸಿದವನು. ಅಡ್ಡ ಬಂದವರನ್ನೆಲ್ಲ ಬೈದು ಬೈದು, ತಪ್ಪು ಯಾವಾಗಲೂ ಎದುರಿನ ಗಾಡಿಯವನದೇ ಎಂದು ನಂಬುವ ಅಭ್ಯಾಸವಾಗಿಬಿಟ್ಟಿತ್ತು. ಶಾಲೆ ಮುಚ್ಚಿದಾಗ ಆ ಹಳೇ ಮಿನಿಬಸ್ಸನ್ನು ನಾನೇ ಕೊಂಡೆ. ಸೀಟುಗಳನ್ನು ಕಿತ್ತು ಮಂಚ ಹಾಕಿದೆ, ಡ್ರೈವರ್ ಸೀಟಿನ ಹಿಂದೆ ಗ್ಯಾಸ್ ಒಲೆ ಕೂರಿಸಿದೆ, ಮೇಲೆ ನೀರಿನ ಟ್ಯಾಂಕ್ ಕಟ್ಟಿದೆ. ಚಿಂತಾಮಣಿಯ ಬಾಡಿಗೆ ಮನೆ ಬಿಟ್ಟು ನಾನೂ ನನ್ನ ಹೆಂಡತಿಯೂ ಅದರೊಳಗೇ ಸಂಸಾರ ಹೂಡಿದೆವು. ಮಕ್ಕಳಿಲ್ಲದ್ದರಿಂದ ಬೇಡ ಎನ್ನುವವರೂ ಇರಲಿಲ್ಲ.

ಮೊದಲ ವರ್ಷ ಗೌರಿಬಿದನೂರಿನ ಕಡೆ ಕೆಲವು ತಿಂಗಳು, ಸ್ಕಂದಗಿರಿಯ ಬುಡದಲ್ಲಿ ಕೆಲವು ತಿಂಗಳು ನಿಂತೆವು. ಬೆಟ್ಟ ಹತ್ತಲು ಬಂದವರು ನಮ್ಮ ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಅವರನ್ನೂ ಬೈದೆ. ಹೆಂಡತಿಗೆ ಅದು ಸಾಕಾಯಿತು. ಅವಳು ಹಿಂದೆಂದೋ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು, ಕೂಡಿಕೊಂಡದ್ದು ಸೊಟ್ಟಗೆ. ಬಲಗಾಲು ಮಡಚುವುದಿಲ್ಲ, ಅಗಲಿಸುವುದಕ್ಕೂ ಆಗುವುದಿಲ್ಲ. ಸ್ಕೂಟರ್ ಹತ್ತಲಾರಳು, ಸರ್ಕಾರಿ ಬಸ್ಸಿನ ಮೆಟ್ಟಿಲು ಹತ್ತಲಾರಳು. ನಮ್ಮ ಬಸ್ಸಿಗೆ ಹಿಂದಿನಿಂದ ಒಂದು ಇಳಿಜಾರು ಹಲಗೆ ಮಾಡಿಸಿದ್ದೆ.

"ನನ್ನ ತಂಗಿ ಹತ್ರ ಇರಣ ರೀ," ಅಂದಳು ಒಂದು ದಿನ. "ಎಲ್ಲಾ ನೋಡಿದ್ದಾಯ್ತು. ಇನ್ನು ಅವಳ ಕಣ್ಮುಂದೆ ಇದ್ರೆ ಸಾಕು ನಂಗೆ."

ತಾಯಿ ಸತ್ತ ಮೇಲೆ ಆ ತಂಗಿಯನ್ನು ಸಾಕಿದ್ದೇ ಇವಳು. ನನ್ನ ನಾದಿನಿಯ ಗಂಡ ತೀರಿಕೊಂಡಿದ್ದ. ದಿಬ್ಬೂರಹಳ್ಳಿಯ ಹತ್ತಿರದ ಒಂದು ಊರಿನಲ್ಲಿ ಒಬ್ಬಳೇ ರೇಷ್ಮೆ ಹುಳ ಸಾಕಿಕೊಂಡಿದ್ದಳು. ಅವಳ ಅಂಗಳದ ಹುಣಸೆ ಮರದ ಕೆಳಗೆ ಬಸ್ಸು ನಿಲ್ಲಿಸಿ ಚಕ್ರಗಳಿಗೆ ಕಲ್ಲು ಕೊಟ್ಟೆವು. ಅಕ್ಕ ತಂಗಿ ಬೆಳಗಾದರೆ ಎದುರು ಬದುರು ಕೂತು ಕಾಫಿ ಕುಡಿಯುತ್ತಿದ್ದರು. ನನ್ನ ಹೆಂಡತಿಯ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.

ಮನೆಯನ್ನೇ ಸ್ಟಾರ್ಟ್ ಮಾಡಿಕೊಂಡು ದಿನಾ ಪೇಟೆಗೆ ಹೋಗಲಾಗುವುದಿಲ್ಲವಲ್ಲ. ಅವಳನ್ನು ಆಸ್ಪತ್ರೆಗೆ, ಸಂತೆಗೆ ಕರೆದುಕೊಂಡು ಹೋಗಲು ಏನಾದರೂ ಬೇಕಿತ್ತು. ಚಿಂತಾಮಣಿಯ ಒಂದು ಹುಣಸೆಹಣ್ಣಿನ ಗೋದಾಮಿನ ಹಿಂದೆ, ಎಂದೋ ಮಿಲಿಟರಿ ಹರಾಜಿನಲ್ಲಿ ಬಂದ ಮೋಟಾರ್‌ಸೈಕಲ್ ಒಂದು ಸೈಡ್‌ಕಾರ್ ಸಮೇತ ತುಕ್ಕು ಹಿಡಿದು ಬಿದ್ದಿದ್ದು ನನಗೆ ಗೊತ್ತಿತ್ತು. ಕಾಲು ಚಾಚಿಕೊಂಡು ಕೂರುವ ಗಾಡಿ ಅದು. ಅದನ್ನು ತಂದು ಎಂಟು ತಿಂಗಳು ಗುದ್ದಾಡಿದೆ. ಇಂಜಿನ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಗೌರಿಬಿದನೂರಿನಲ್ಲಿ ಒಬ್ಬ ಮುದುಕ ಸಾಹೇಬರು ಕಡ್ಡಿಗಳನ್ನು ಬಿಗಿದು ಮೂರು ಚಕ್ರಗಳನ್ನೂ ನೇರ ಮಾಡಿಕೊಟ್ಟರು. ಓಡಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. ವೇಗ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಾಕಿದರೆ ಬಲಕ್ಕೆ. ಮೊದಲ ದಿನವೇ ನಾದಿನಿಯ ಸೌದೆ ರಾಶಿಗೆ ಗುದ್ದಿದೆ. ಅಕ್ಕ ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸೈಡ್‌ಕಾರಿನ ತಳ ಮರದ್ದು. ಅದಕ್ಕೆ ಗೆದ್ದಲು ಹಿಡಿದಿತ್ತು. ಹಲಗೆ ಬದಲಿಸುವ ಸೋಮಾರಿತನಕ್ಕೆ ಗೊಬ್ಬರದ ಅಂಗಡಿಯಿಂದ ಔಷಧಿ ತಂದು ಸಂದಿಗಳಿಗೆಲ್ಲ ಎರಡು ಸಲ ಸುರಿದೆ. ಒಂದು ವಾರ ಗಬ್ಬು ನಾರಿತು. ಮೇಲೆ ಬಣ್ಣ ಬಳಿದು ಹೊಸ ಕುಶನ್ ಹಾಕಿದೆ, ವಾಸನೆ ಹೋಯಿತು. ಆಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಶಿಡ್ಲಘಟ್ಟಕ್ಕೆ, ಸಾದಲಿಗೆ, ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಓಡಾಡಿದೆ. ತಲೆಗೆ ಸೆರಗು ಬಿಗಿದು ಕಟ್ಟಿಕೊಂಡು ಅವಳು ದಾರಿಯುದ್ದಕ್ಕೂ ಗುರುತಿನವರಿಗೆಲ್ಲ ಕೈ ಬೀಸುತ್ತಿದ್ದಳು.

ಹುಳದ ಮನೆಯ ವಿಷಯದಲ್ಲಿ ನಾದಿನಿ ಬಹಳ ಕಟ್ಟುನಿಟ್ಟು. ಸ್ನಾನ ಮಾಡದೆ ಒಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಹಾಕಿರುತ್ತಿದ್ದಳು, ಅಂಗಳದಲ್ಲಿ ಊದುಬತ್ತಿ ಕೂಡ ಹಚ್ಚುವಂತಿರಲಿಲ್ಲ. ನನ್ನ ಬೀಡಿ ರಸ್ತೆಯ ಆಚೆಗೆ. ಆ ಸಲ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದು, ಗೂಡು ಕಟ್ಟುವ ಮೊದಲು ಬಕಾಸುರರಂತೆ ತಿನ್ನುವ ಹೊತ್ತು. ಆಗ ಒಂದು ಹೊತ್ತಿನ ಹಿಪ್ಪುನೇರಳೆ ಸೊಪ್ಪು ತಪ್ಪಿದರೂ ಕೆಟ್ಟಿತು. ಅಂಥ ಒಂದು ದಿನ, ಕೆರೆಯಾಚೆಯ ತೋಟದಿಂದ ಸೊಪ್ಪು ತರುವ ಟೆಂಪೊ ಬರಲಿಲ್ಲ. ನಾದಿನಿ ಅಂಗಳದಲ್ಲಿ ನಿಂತು ಅಳುವಂತಾಗಿದ್ದಳು.

"ನಾನಿಲ್ವೇನಮ್ಮ?" ಅಂದೆ. ಗಾಡಿಯ ಜಂಬ ನನಗೆ.

ಕುಶನ್ ತೆಗೆದಿಟ್ಟೆ. ಸೊಪ್ಪು ಬಾಡಬಾರದೆಂದು ಇಲ್ಲಿ ಎಲ್ಲರೂ ಒದ್ದೆ ಗೋಣಿ ಹಾಸುತ್ತಾರೆ, ಒದ್ದೆ ಗೋಣಿ ಹೊದಿಸುತ್ತಾರೆ. ನಾನು ಇನ್ನೂ ಹುಷಾರಿನವನು, ಗೋಣಿಗೆ ಎರಡು ಬಿಂದಿಗೆ ನೀರು ಹೆಚ್ಚಾಗಿಯೇ ಸುರಿದೆ. ಬಿಸಿಲಿನಲ್ಲಿ ಮೂರು ಸಲ ಹೋಗಿ ಬಂದೆ. ನೀರು ಹಲಗೆಗೆ ಇಳಿಯಿತು, ಹಲಗೆಯೊಳಗೆ ಕೂತಿದ್ದದ್ದು ಗೋಣಿಗೆ ಏರಿತು.

"ಭಾವ, ನಿಮ್ಮ ಗಾಡಿ ಇವತ್ತು ದೇವ್ರು ಬಂದಂಗೆ ಬಂತು," ಅಂದಳು ನಾದಿನಿ.

ಮರುದಿನ ಬೆಳಿಗ್ಗೆ ಅವಳ ಕೂಗು ಕೇಳಿ ಓಡಿದೆ. ತಟ್ಟೆ ತಟ್ಟೆಯಲ್ಲೂ ಹುಳಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಹುಳದ ಮನೆಯಲ್ಲಿ ಸೊಪ್ಪು ತಿನ್ನುವ ಸದ್ದು ಪೂರಾ ನಿಂತಿತು. ಔಷಧಿ ತಾಕಿದ ಲಕ್ಷಣವೆಂದು ಯಾರಾದರೂ ಹೇಳಬಹುದಿತ್ತು. ಪಕ್ಕದಲ್ಲಿ ಒಬ್ಬ ಯಜಮಾನನ ದ್ರಾಕ್ಷಿ ತೋಟ. ದ್ರಾಕ್ಷಿಗೆ ಔಷಧಿ ಹೊಡೆಯದೆ ಆಗುವುದಿಲ್ಲ, ಹೊಡೆದರೆ ಹುಳದವರಿಗೆ ಭಯ. ನಾದಿನಿ ಬೇಲಿಯ ಬಳಿ ನಿಂತು ಅವನ ವಂಶವನ್ನೆಲ್ಲ ಜಾಲಾಡಿದಳು.

ನಾನು ಹೋಗಿ ಗೋಣಿ ಮೂಸಿ ನೋಡಿದೆ. ಅದೇ ಗಬ್ಬು. ಹೇಳಿದರೆ ಈ ಅಂಗಳ ಹೋಗುತ್ತದೆ, ಅಂಗಳ ಹೋದರೆ ನನ್ನ ಹೆಂಡತಿಯ ನೆಮ್ಮದಿ ಹೋಗುತ್ತದೆ ಎಂದುಕೊಂಡೆ. ಅವಳಿಗಾಗಿಯೇ ಸುಮ್ಮನಿದ್ದೇನೆ ಅನ್ನುವುದು ಎಷ್ಟು ಸುಲಭವಾಗಿ ಬಾಯಿಗೆ ಬಂತು! ಗೋಣಿಗಳನ್ನು ರಸ್ತೆಯಾಚೆ ಒಯ್ದು ಸುಟ್ಟೆ.

ಎರಡು ದಿನದ ಮೇಲೆ ಮಾತು ಗಂಗಮ್ಮನ ಗುಡಿಗೆ ಹೋಯಿತು. ಇಲ್ಲಿಯ ಪದ್ಧತಿ ಅದು. ಮೆಟ್ಟಿಲ ಮೇಲೆ ಕರ್ಪೂರ ಹಚ್ಚುತ್ತಾರೆ. ನಾನು ಮಾಡಿಲ್ಲ ಎನ್ನುವವನು ಅದನ್ನು ಅಂಗೈಯಿಂದ ಆರಿಸಿ ಆಣೆ ಮಾಡಬೇಕು. ಹೆಂಡತಿಯನ್ನು ಸೈಡ್‌ಕಾರಿನಲ್ಲಿಯೇ ಕರೆದುಕೊಂಡು ಹೋಗಿದ್ದೆ. ಅವಳು ಅದರೊಳಗೆ ಕೂತೇ ನೋಡುತ್ತಿದ್ದಳು.

ಆ ಯಜಮಾನ ಟವೆಲ್ಲು ಸೊಂಟಕ್ಕೆ ಸುತ್ತಿ ಕರ್ಪೂರದ ಮುಂದೆ ನಿಂತ. ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡ.

"ಹುಳ ಕೆಡೋ ಹಿಂದಿನ ದಿನ ಔಷಧಿ ಹೊಡ್ದಿದ್ದು ನಿಜ ಅಮ್ಮಾ," ಅಂದ ನಾದಿನಿಗೆ. "ಗಾಳಿ ನಿಮ್ಮ ಕಡೆ ಇರ್ಲಿಲ್ಲ ಅಂದ್ಕೊಂಡಿದ್ದೀನಿ. ಅಂದ್ಕೊಂಡಿದ್ದಕ್ಕೆಲ್ಲ ಗಂಗಮ್ಮ ತಲ್ಲಿ ಮುಂದೆ ಆರ್ಸಕ್ಕಾಗಲ್ಲ. ಒಂದ್ ವೇಳೆ ಬಂದಿದ್ರೆ?"

ಆರಿಸದವನೇ ತಪ್ಪುಗಾರ ಎಂದಾಯಿತು. ಬೇಲಿ ಪಕ್ಕದ ಎರಡು ಸಾಲು ಬಳ್ಳಿಯನ್ನು ಕಡಿದುಹಾಕುತ್ತೇನೆ, ಇನ್ನು ಮುಂದೆ ನಿಮಗೆ ಭಯ ಬೇಡ ಅಂದ. ಕರ್ಪೂರ ತಾನಾಗಿಯೇ ಉರಿದು ಮುಗಿಯುವವರೆಗೆ ನಾನು ಮೆಟ್ಟಿಲ ಪಕ್ಕ ಕೈಕಟ್ಟಿ ನಿಂತಿದ್ದೆ. ನನ್ನ ಬಾಯಿ, ಊರನ್ನೆಲ್ಲ ಬೈದ ಬಾಯಿ, ತೆರೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಮಚ್ಚಿನ ಸದ್ದು ಕೇಳಿಸಿತು. ಬಸ್ಸಿನಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ತಡೆಯಲಾರದೆ ಎದ್ದು ಬೇಲಿ ಹಾರಿ ಓಡಿದೆ. ಅಷ್ಟರಲ್ಲಿ ಒಂದು ಸಾಲು ಪೂರ್ತಿ ಮುಗಿದಿತ್ತು. ಕಾಯಿ ಗೊಂಚಲುಗಳು ಚಪ್ಪರದಲ್ಲಿ ಹಾಗೇ ತೂಗುತ್ತಿದ್ದವು, ಬುಡ ಮಾತ್ರ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಆತ ಮಚ್ಚು ಕೆಳಗಿಟ್ಟ.

"ನಿನ್ನೆ ಬಾಯ್ ಬಿಡಕ್ಕೆ ಏನಾಗಿತ್ತಪ್ಪಾ ನಿಂಗೆ?" ಅಂದ. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಬೇಲಿಯ ಈಚೆ ನಿಂತು ನಾದಿನಿ ಕೇಳಿಸಿಕೊಂಡಿದ್ದಳು. ಅವಳು ಹೇಳಿದ್ದು ಇಷ್ಟೇ: "ಹುಳ ಹೋದ್ರೆ ಇನ್ನೊಂದ್ಸಲ ಮೊಟ್ಟೆ ತಂದು ಸಾಕ್ತೀನಿ ಭಾವ. ಆಯಪ್ಪನ್ನ ತಾಯಿ ಮುಂದೆ ನಿಲ್ಲಿಸ್ಬಿಟ್ನಲ್ಲ ನಾನು. ನಿಲ್ಸಿದಾಗ ನೀವು ಅಲ್ಲೇ ಇದ್ರಲ್ಲ. ನೀವು ಹೊರಡಿ. ಅಕ್ಕ ಇರ್ತೀನಂದ್ರೆ ಇರ್ಲಿ."

ಚಕ್ರದ ಕಲ್ಲು ತೆಗೆದು, ಹಿಂಬಾಗಿಲಿನ ಹಲಗೆ ಹಾಕಿ ಕಾದೆ. ಹೆಂಡತಿ ನಾದಿನಿಯ ಜಗುಲಿಯಿಂದ ಏಳಲಿಲ್ಲ.

"ಗೋಣಿ ಸುಡ್ತಿದ್ದಿದ್ದು ನೋಡ್ದೆ ನಾನು," ಅಂದಳು. "ನೀವೇ ಹೇಳ್ತೀರ ಅಂತ ಎರಡು ದಿನ ಕಾದೆ. ಗುಡಿ ಹತ್ರ ಕರ್ಪೂರ ಉರಿಯೋವರ್ಗೂ ನಿಮ್ಮ ಮುಖಾನೇ ನೋಡ್ತಿದ್ದೆ."

"ನಿನಗೋಸ್ಕರ ಕಣೇ ಸುಮ್ಮನಿದ್ದಿದ್ದು."

"ನಂಗೂ ಬಾಯಿತ್ತು ರೀ. ನಾನೂ ತೆಗೀಲಿಲ್ಲ. ನಿಮ್ಮನ್ನ ನೋಡಿದ್ರೆ ಅದೇ ನೆನಪಾಗತ್ತೆ. ಈಗ ಹೋಗಿ."

ಈಗ ಬಸ್ಸು ಚಿಕ್ಕಬಳ್ಳಾಪುರದ ಹೊರಗೆ ಒಂದು ಗ್ಯಾರೇಜಿನ ಪಕ್ಕ ನಿಂತಿದೆ. ಸೈಡ್‌ಕಾರಿನ ಹಲಗೆಯನ್ನು ಕಿತ್ತು ಹೊಸದು ಹಾಕಿಸಿದ್ದೇನೆ, ಮೊದಲೇ ಮಾಡಬೇಕಾಗಿದ್ದ ಕೆಲಸ. ಭಾನುವಾರ ಅವಳನ್ನು ನೋಡಲು ಹೊರಟೆ. ಖಾಲಿ ಸೈಡ್‌ಕಾರ್ ಎಡ ತಿರುವಿನಲ್ಲಿ ಚಕ್ರ ಎತ್ತುತ್ತದೆ. ಮೊದಲ ತಿರುವಿನಲ್ಲೇ ಹಳ್ಳಕ್ಕೆ ಬೀಳುತ್ತಿದ್ದೆ. ಹಿಂದಕ್ಕೆ ಬಂದು ಒಂದು ಸಿಮೆಂಟ್ ಚೀಲದಲ್ಲಿ ಮರಳು ತುಂಬಿ ಅವಳು ಕೂರುವ ಜಾಗದಲ್ಲಿ ಇಟ್ಟುಕೊಂಡೆ.

ಜಗುಲಿಯ ಮುಂದೆ ಗಾಡಿ ನಿಲ್ಲಿಸಿದೆ. ಅವಳು ಕೋಲೂರಿಕೊಂಡು ಬಂದು ತನ್ನ ಸೀಟಿನಲ್ಲಿದ್ದ ಚೀಲವನ್ನು ನೋಡಿದಳು. ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಕೇಳುತ್ತ ನಾನು ಚೀಲ ಇಳಿಸಲು ಬಗ್ಗಿದೆ.

"ಅದನ್ನ ಇಳಿಸ್ಬೇಡಿ," ಅಂದಳು. "ವಾಪಸ್ ಹೋಗಕ್ಕೆ ಬೇಕಲ್ಲ ನಿಮಗೆ."