ಕೂಸಿನ ಬಟ್ಟೆಗಾಗಿ ಶಾಗ್ಯಕ್ಕೆ

ಬೆಳಿಗ್ಗೆ ಕೊಳ್ಳೇಗಾಲದ ಬಸ್ ನಿಲ್ದಾಣದ ಪಕ್ಕ ಇಡ್ಲಿ ತಿಂದು, ನಾನೂ ಅಕ್ಕನೂ ಹನೂರಿನ ಬಸ್ಸು ಹತ್ತಿದೆವು. ಅಕ್ಕನಿಗೆ ಟಿಕೆಟ್ ಉಚಿತ, ದುಡ್ಡು ಕೊಟ್ಟವನು ನಾನೊಬ್ಬನೇ. ಕಿಟಕಿಯಿಂದ ತಣ್ಣನೆಯ ಗಾಳಿ ಬರುತ್ತಿದ್ದರೂ ನಾನು ಬೆವರುತ್ತಿದ್ದೆ.

ಅಕ್ಕನದು ರೇಷ್ಮೆ ಸೀರೆ ಅಂಗಡಿ. ಮೊದಲು ನಮ್ಮ ಸೀರೆಗಳನ್ನಷ್ಟೇ ಆನ್‌ಲೈನ್‌ನಲ್ಲಿ ಮಾರುತ್ತಿದ್ದೆವು. ಈಚೆಗೆ ಬೇರೆಯವರ ಸರಕಿಗೂ ಅದೇ ಕೆಲಸ ಮಾಡಿಕೊಡುತ್ತೇವೆ. ಫೋಟೊ ಹಾಕುವುದು, ಆರ್ಡರ್ ನೋಡುವುದು, ಪ್ಯಾಕ್ ಮಾಡಿ ಕಳಿಸುವುದು ನಮ್ಮ ಪಾಲು; ಹೆಸರು ಅವರದು. ಹನೂರಿನಾಚೆಯ ಶಾಗ್ಯ ಎಂಬ ಹಳ್ಳಿಯ ಹೆಂಗಸರು ಹೊಲಿಯುವ ಕೂಸಿನ ಬಿಳಿ ಬಟ್ಟೆಯೇ ನಮಗೆ ಸಿಕ್ಕ ಮೊದಲ ಸರಕು. ಅದನ್ನು ನೋಡಿ ಯಳಂದೂರಿನ ಉಪ್ಪಿನಕಾಯಿಯವರು ಬಂದರು. ಶಾಗ್ಯದವರು ಬಿಟ್ಟರೆ ಅವರೂ ಬಿಡುವುದು ಖಂಡಿತ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ನಂಬಿ ಅಕ್ಕ ಪ್ಯಾಕಿಂಗ್‌ಗೆ ನಿಲ್ಲಿಸಿದ್ದಳು.

ಸೀರೆ ಮಾರಿದರೆ ಜೊತೆಗೊಂದು ಕುಂಕುಮದ ಪೊಟ್ಟಣ ಇಡುವುದು ನಮ್ಮ ಅಂಗಡಿಯ ಪದ್ಧತಿ. ಕೈಗೆ ಅದೇ ರೂಢಿ. ಕೂಸಿನ ಬಟ್ಟೆಯ ರಟ್ಟಿನ ಡಬ್ಬಗಳಿಗೂ ಇಟ್ಟುಬಿಟ್ಟೆ. ದಾರಿಯಲ್ಲಿ ಪೊಟ್ಟಣಗಳು ಒಡೆದು ಬಟ್ಟೆ ಕೆಂಪಾಯಿತು. ಕೊಂಡವರು ರಕ್ತವೆಂದು ಹೆದರಿದರಂತೆ. ಶಾಗ್ಯದವರು ಸರಕು ನಿಲ್ಲಿಸಿದರು. ಅಕ್ಕ ಕೇಳಿದಾಗ, ಕೊರಿಯರ್‌ನವರು ಏನೋ ಚೆಲ್ಲಿರಬೇಕು ಎಂದು ಸುಳ್ಳು ಹೇಳಿದೆ. ಆ ಮಾತನ್ನೇ ನಂಬಿಕೊಂಡು ಅವಳು ಈಗ ಅವರನ್ನು ಒಪ್ಪಿಸಲು ಹೊರಟಿದ್ದಳು.

ಹನೂರಿನಿಂದ ಶಾಗ್ಯಕ್ಕೆ ಆಟೋ ಹಿಡಿದೆವು. ಹೊಲಿಗೆ ಗುಂಪಿನ ಯಜಮಾನಿ ಪುಟ್ಟಮಾದಮ್ಮ ಉಳಿದ ಹೆಂಗಸರೊಡನೆ ಜಗಲಿಯ ಮೇಲೆ ಕೂತಿದ್ದರು. ಕಾಫಿ ಕೊಟ್ಟರು, ನಗಲಿಲ್ಲ.

"ಕೊರಿಯರ್‌ನೋರು ಮಾಡಿದ್ದು..." ಎಂದು ಅಕ್ಕ ಶುರುಮಾಡಿದಳು. ನನಗೆ ತಡೆಯಲಾಗಲಿಲ್ಲ.

"ಅವ್ರಲ್ಲ ಕಣಕ್ಕ, ನಾನೇಯ. ಸೀರೆಗ್ ಇಟ್ಟಂಗೆ ಕುಂಕುಮ ಇಟ್ಬುಟ್ಟೆ."

ಅಕ್ಕ ನನ್ನತ್ತ ತಿರುಗಿದಳು. "ಲೇ, ಬಸ್ಸಲ್ಲೇ ನಿಜ ಏಳಕ್ಕೆ ಬಾಯಿಗೇನು ಇಡ್ಲಿ ತುರುಕ್ಕಂಡಿದ್ದಾ?"

ಪುಟ್ಟಮಾದಮ್ಮ ಒಳಗೆ ಹೋಗಿ, ವಾಪಸ್ ಬಂದಿದ್ದ ಡಬ್ಬವೊಂದನ್ನು ತಂದಿಟ್ಟರು. ಅದರಲ್ಲಿ ಹರಿದ ಪೊಟ್ಟಣವಿತ್ತು, ಅದರ ಮೇಲೆ ನಮ್ಮ ಅಂಗಡಿಯ ಹೆಸರು.

"ಸುಳ್ಳಲ್ಲೇ ಮುಗಿಸಿದ್ರೆ ಇದ್ನ ಕೈಗ್ ಕೊಟ್ಟು ಕಳಿಸ್ತಿದ್ದೆ ಕಣವ್ವಾ. ನಿನ್ ತಮ್ಮ ನಿಜ ಏಳ್ದ. ಎಲ್ಲಿ, ಈಗ ನಮ್ ಮುಂದೇನೇ ಪ್ಯಾಕ್ ಮಾಡ್ಲಿ."

ಅಕ್ಕ ಚೀಲದಲ್ಲಿ ತಂದಿದ್ದ ಪ್ಲಾಸ್ಟಿಕ್ ಕವರು, ಟೇಪು, ಹೊಸ ಡಬ್ಬ ತೆಗೆದು ಕೊಟ್ಟಳು. ಹೆಂಗಸರು ಕೊಟ್ಟ ಹೊಸ ಬಟ್ಟೆಯನ್ನು ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಮಡಿಚಿ ಅಂಟಿಸಿ, ಡಬ್ಬಕ್ಕಿಟ್ಟು ಟೇಪು ಸುತ್ತಿದೆ. ಪುಟ್ಟಮಾದಮ್ಮ ಅದನ್ನು ಜಗಲಿಯಿಂದ ಅಂಗಳಕ್ಕೆ ಎಸೆದರು. ಒಬ್ಬಾಕೆ ಅದರ ಮೇಲೆ ಬಿಂದಿಗೆ ನೀರು ಸುರಿದಳು. "ಮಳೆ ಬಂತು ಕಣ್ರೇ!" ಎಂದು ಇನ್ನೊಬ್ಬಳು ಕೂಗಿದಳು. ಡಬ್ಬ ಮೆತ್ತಗಾಗಿತ್ತು. ಬಿಚ್ಚಿದರೆ ಬಟ್ಟೆ ಮಲ್ಲಿಗೆಯಂತೆ ಬೆಳ್ಳಗೆ, ಒಂದು ಹನಿಯೂ ಸೋಕಿರಲಿಲ್ಲ. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಅಕ್ಕನ ಕಣ್ಣು ತುಂಬಿದ್ದರೂ ಬಾಯಿ ನನ್ನನ್ನು ಬಯ್ಯುತ್ತಲೇ ಇತ್ತು.

ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ಅಂಥ ಊಟ ನಾನು ಎಷ್ಟೋ ದಿನದಿಂದ ಉಂಡಿರಲಿಲ್ಲ. ಆಮೇಲೆ ಎರಡು ಮೂಟೆ ಬಟ್ಟೆ ಹೊರಗೆ ಬಂತು. "ಇನ್ಮ್ಯಾಕೆ ದೊಡ್ ಮಕ್ಳ ಅಂಗೀನೂ ವಲೀತೀವಿ, ಅದೂ ನಿಮ್ಗೇಯ" ಎಂದರು ಪುಟ್ಟಮಾದಮ್ಮ. ಹೊರಡುವಾಗ ಅಕ್ಕನಿಗೆ ಕುಂಕುಮ ಕೊಟ್ಟು, ಬಟ್ಟಲನ್ನು ನನ್ನತ್ತಲೂ ಚಾಚಿದರು. ನಾನು ಹಣೆಗಿಟ್ಟುಕೊಂಡು ಮೂಟೆಗೆ ಕೈ ಹಾಕಿದೆ.

"ಲೇಯ್, ಮೊದ್ಲು ಕೈ ತೊಳ್ಕಳ್ಲಾ!" ಇಬ್ಬರೂ ಒಟ್ಟಿಗೆ ಕೂಗಿದರು.

ಹನೂರಿನಲ್ಲಿ ಕಂಡಕ್ಟರು ಮೂಟೆಗಳಿಗೂ ಟಿಕೆಟ್ ಹರಿದ. ಬಸ್ಸು ಕೊಳ್ಳೇಗಾಲದ ಕಡೆ ತಿರುಗುತ್ತಿದ್ದಂತೆ ಅಕ್ಕ ಯಳಂದೂರಿನ ಉಪ್ಪಿನಕಾಯಿಯವರಿಗೆ ಫೋನ್ ಮಾಡಿದಳು. ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು.

"ಶಾಗ್ಯದ ಸರಕು ನಮ್ ಕೈಲೇ ಅದೆ ಕಣ್ರಿ. ಪ್ಯಾಕ್ ಮಾಡೋರು ಯಾರು ಅಂದ್ರಾ? ಇನ್ಯಾರು, ನಮ್ ತಮ್ಮನೇ!"